ಕೋಣೆಯ ‘ಸ್ಕೇಲ್’ಗೆ ‘ಪ್ರಮಾಣ’ ಅನ್ನಬಹುದೇ?

ಸುತ್ತಲೂ ಕಾಣುವ ಒಂದೇ ಒಂದು ಪನೋರಮಾ ಚಿತ್ರದಿಂದ ಕೋಣೆಯ ಗೋಡೆ, ಮೂಲೆಗಳನ್ನು ಕಂಡುಹಿಡಿಯುವ ಲೇಔಟ್‌ನೆಟ್ (2018), ಹೊರೈಜನ್‌ನೆಟ್ (2019) ಬಗೆಯ ಕಂಪ್ಯೂಟರ್ ವಿಧಾನಗಳ ಮೇಲೆ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ‘ಸ್ಕೇಲ್’ ಬಂದಲ್ಲೆಲ್ಲ ‘ಪ್ರಮಾಣ’ ಎಂದು ಹಾಕುತ್ತ ಹೋದೆ. ನಾಲ್ಕನೇ ಪುಟಕ್ಕೆ ಬರುವಾಗ ನನ್ನ ಕೈಯಿಂದಲೇ ಈ ವಾಕ್ಯ ಬಂತು: “ಈ ನಕ್ಷೆಯಲ್ಲಿ ಪ್ರಮಾಣ ಸರಿಯಿದೆ, ಆದರೆ ಪ್ರಮಾಣ ಗೊತ್ತಿಲ್ಲ.” ಮೊದಲನೆಯದು ಉದ್ದ ಅಗಲಗಳ ಹೊಂದಿಕೆ, ಎರಡನೆಯದು ಅದು ಎಷ್ಟು ಮೀಟರ್ ಎಂಬುದು. ಈ ವಿಷಯದ ತಿರುಳೇ ಇವೆರಡರ ನಡುವಿನ ವ್ಯತ್ಯಾಸ. ಅದನ್ನೇ ಪದ ನುಂಗಿಹಾಕಿದೆ.

ಚಿತ್ರದಲ್ಲಿ 1024 ಕಂಬಸಾಲು, 512 ಅಡ್ಡಸಾಲು. ಅಡ್ಡಕ್ಕೆ 360 ಡಿಗ್ರಿ, ಉದ್ದಕ್ಕೆ 180. ನಟ್ಟನಡುವಿನ ಸಾಲು ಕ್ಯಾಮೆರಾದ ಮಟ್ಟ. (ಇಂಗ್ಲಿಷಿನಲ್ಲಿ ಇದು ‘ಹೊರೈಜನ್’. ಆದರೆ ಕೋಣೆಯೊಳಗೆ ಕ್ಷಿತಿಜವೆಲ್ಲಿ? ರಸಮಟ್ಟ ಅನ್ನುವ ಹಾಗೆ ಇದಕ್ಕೆ ‘ಕಣ್ಮಟ್ಟ’ ಎಂದಿದ್ದೇನೆ.) ಗೋಡೆ ನೆಲ ಮುಟ್ಟುವ ಗೆರೆ ಯಾವ ಸಾಲಿನಲ್ಲಿದೆ ಎಂದು ಗೊತ್ತಾದರೆ ಅವನತ ಕೋನ, ಅಂದರೆ ಅದು ಕಣ್ಮಟ್ಟದಿಂದ ಎಷ್ಟು ಡಿಗ್ರಿ ಕೆಳಗಿದೆ ಎಂಬುದು, ಸಿಕ್ಕಿತು. ಮುಂದಿನದು ಹತ್ತನೇ ತರಗತಿಯ ಲೆಕ್ಕ: ಕ್ಯಾಮೆರಾದ ಎತ್ತರವನ್ನು ಕೋನದ ಟ್ಯಾನ್‌ನಿಂದ ಭಾಗಿಸಿದರೆ ದೂರ. ಆದರೆ ಆ ಎತ್ತರ ಚಿತ್ರದಲ್ಲಿಲ್ಲ. ಗೊಂಬೆಮನೆಯಲ್ಲಿ ಅದೇ ಹೊಂದಿಕೆಗೆ ತಗ್ಗಿಸಿ ಕ್ಯಾಮೆರಾ ಇಟ್ಟರೂ ಇದೇ ಚಿತ್ರ ಬರುತ್ತದೆ. ಹಾಗಾಗಿ ಎತ್ತರವನ್ನು 1.6 ಮೀಟರ್ ಎಂದು ಇಟ್ಟುಕೊಳ್ಳುವುದು ವಾಡಿಕೆ.

ನನ್ನ ಕೋಣೆಯಲ್ಲೇ ಸ್ಟ್ಯಾಂಡ್ ನಿಲ್ಲಿಸಿ ನೋಡಿದೆ. ಎದುರುಗೋಡೆಯ ಬುಡ ಮೇಲಿನಿಂದ 341ನೇ ಸಾಲಿನ ಹತ್ತಿರ ಬಂತು, ಅಂದರೆ ಕಣ್ಮಟ್ಟದಿಂದ 30 ಡಿಗ್ರಿ ಕೆಳಗೆ. ಲೆಕ್ಕ ಹೇಳಿದ್ದು 2.77 ಮೀಟರ್. ಟೇಪು ಹಿಡಿದರೆ 2.42. ನನ್ನ ಲೆನ್ಸ್ ಇದ್ದದ್ದು 1.4 ಮೀಟರ್ ಎತ್ತರದಲ್ಲಿ. ಆಕಾರದಲ್ಲಿ ಏನೂ ತಪ್ಪಿರಲಿಲ್ಲ, ಎಲ್ಲ ಗೋಡೆಯನ್ನೂ ಒಂದೇ 0.875ರಿಂದ ಗುಣಿಸಬೇಕಿತ್ತು, ಅಷ್ಟೇ.

ಹೊಂದಿಕೆಗೆ ‘ಅನುಪಾತ’ ಸಾಕು. ಇನ್ನೊಂದಕ್ಕೆ? ‘ಅಳತೆ’ ಅಂದರೆ ಅಳೆದು ಬಂದ ಸಂಖ್ಯೆಯೂ ಆಗುತ್ತದೆ. ‘ಮಾನ’ವನ್ನು ಒಂಟಿಯಾಗಿ ಬಳಸಿ “ಮಾನ ಗೊತ್ತಿಲ್ಲದ ನಕ್ಷೆ” ಎಂದರೆ ಓದುವವರ ಮನಸ್ಸು ಮರ್ಯಾದೆಯ ಕಡೆ ಹೋಗುತ್ತದೆ. ಆದರೂ ನನ್ನ ಮನಸ್ಸು ಅದರ ಕಡೆಗೇ ಇದೆ, ಶಿಲ್ಪಿಗಳ ತಾಳಮಾನದಿಂದಾಗಿ. ನವತಾಳದ ವಿಗ್ರಹದಲ್ಲಿ ಮುಖದ ಉದ್ದವೇ ಒಂದು ತಾಳ, ಹನ್ನೆರಡು ಅಂಗುಲ. ಇಡೀ ಮೈ ಒಂಬತ್ತು ತಾಳ. ವಿಗ್ರಹ ಅಂಗೈಯಗಲದ್ದಿರಲಿ, ಆಳೆತ್ತರದ್ದಿರಲಿ, ಎಣಿಕೆ ಬದಲಾಗದು, ಅಂಗುಲವೇ ಹಿಗ್ಗಿ ಕುಗ್ಗುತ್ತದೆ. ಕ್ಯಾಮೆರಾದ ಎತ್ತರವನ್ನು ‘ಒಂದು’ ಎಂದುಕೊಂಡು ಕೋಣೆ ಅಳೆಯುವುದೂ ಇದೇ ಅಲ್ಲವೇ? ಹಾಗಾಗಿ ಇದಕ್ಕೆ ‘ಸಾಪೇಕ್ಷಮಾನ’, ಟೇಪಿನದಕ್ಕೆ ‘ಮೀಟರ್‌ಮಾನ’ ಎಂದು ಬರೆದಿಟ್ಟಿದ್ದೇನೆ.

ನಿರ್ದೇಶಾಂಕ, ಅಕ್ಷ, ಮೂಲಬಿಂದು ಶಾಲೆಯಿಂದಲೇ ಬಂದಿವೆ, ತಕರಾರಿಲ್ಲ. ‘ಕನ್ವೆನ್ಷನ್’ ಕಾಡುತ್ತಿದೆ, ಅಂದರೆ ಯಾವ ದಿಕ್ಕಿಗೆ ಎಣಿಸುವುದು ಎಂದು ಮೊದಲೇ ಆರಿಸಿಟ್ಟುಕೊಳ್ಳುವುದು. ಶಾಲೆಯ ಗ್ರಾಫಿನಲ್ಲಿ ವೈ ಮೇಲಕ್ಕೆ ಬೆಳೆಯುತ್ತದೆ, ಚಿತ್ರದಲ್ಲಿ ಸಾಲುಗಳ ಎಣಿಕೆ ಕೆಳಕ್ಕೆ. ಇದನ್ನು ಮರೆತು ನೆಲದ ನಕ್ಷೆ ಬಿಡಿಸಿದೆ. ಕೋಣೆ ಆಯತವಾದ್ದರಿಂದ ತಪ್ಪು ಕಾಣಲೇ ಇಲ್ಲ. ಬಾಗಿಲು ಗುರುತಿಸುವಾಗ, ಕಿಟಕಿಗೆ ಮುಖಮಾಡಿ ನಿಂತರೆ ಎಡಕ್ಕಿರಬೇಕಾದ್ದು ಬಲಕ್ಕೆ ಬಂದಿತ್ತು: ನಕ್ಷೆ ಕನ್ನಡಿಯ ಬಿಂಬವಾಗಿತ್ತು. ಇದಕ್ಕೆ ‘ಸಂಪ್ರದಾಯ’ ಅಂದರೆ ಹಿರಿಯರು ಹಾಕಿದ್ದು, ಮೀರಬಾರದು ಎಂಬ ಧ್ವನಿ. ‘ಒಪ್ಪಂದ’ಕ್ಕೆ ಸಹಿ ಬೇಕೆನಿಸುತ್ತದೆ. ‘ರೂಢಿ’ ಹತ್ತಿರದ್ದು, ‘ಕೆಳಮುಖ ರೂಢಿ’, ‘ಮೇಲ್ಮುಖ ರೂಢಿ’ ಬಾಯಿಗೂ ಹಿತ. ಆದರೆ ರೂಢಿ ತಾನಾಗಿ ಬೆಳೆಯುವಂಥದ್ದು, ಇಲ್ಲಿ ಯಾರೋ ಕೂತು ಆರಿಸಿದ್ದಾರೆ.

ಲೇಔಟ್ ಎಂದು ಬರೆದರೆ ಬೆಂಗಳೂರಿನವರಿಗೆ ಬಡಾವಣೆಯೇ ಕಾಣುತ್ತದೆ, ಅದಕ್ಕೆ ಸದ್ಯ ‘ಕೋಣೆಯ ಚೌಕಟ್ಟು’ ಎಂದಿದ್ದೇನೆ.

ಗಾರೆ ಕೆಲಸದವರು, ಬಡಗಿಗಳು ಪ್ಲಾನಿನ ಗೆರೆಯನ್ನು ನೆಲಕ್ಕೆ ಇಳಿಸುವಾಗ ‘ಇಷ್ಟಕ್ಕೆ ಇಷ್ಟು’ ಎಂಬ ಆ ಲೆಕ್ಕಕ್ಕೆ ಏನು ಹೆಸರಿಟ್ಟಿದ್ದಾರೆ? ನಿಮ್ಮ ಕಡೆ ಕೇಳಿದ್ದರೆ ದಯವಿಟ್ಟು ತಿಳಿಸಿ, ಯಾವ ಊರಿನ ಮಾತು ಎಂಬುದರ ಸಮೇತ.