ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಎರಡನೇ ಗೇರ್ ಬೀಳುತ್ತಿಲ್ಲ. ಗೇರ್ ಬಾಕ್ಸ್ ಇಳಿಸಲೇಬೇಕಾ?

ಸುಮಾ_ಧಾಯರಿ

ಎಲ್ಲರಿಗೂ ನಮಸ್ಕಾರ. ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಐದು ಗೇರ್, ಹೈಡ್ರಾಲಿಕ್ ಕ್ಲಚ್ (ಎಣ್ಣೆಯ ಒತ್ತಡದಿಂದ ಕೆಲಸ ಮಾಡುವುದು). ಧಾಯರಿಯಲ್ಲಿ ಬಿಲ್ಡಿಂಗ್ ಹೊರಗೆ ಬಯಲಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡುತ್ತೇನೆ. ಪುಣೆಯಲ್ಲಿ ಈಗ ಚಳಿ ಜೋರಾಗಿದೆ, ಆ ಹೊತ್ತಿಗೆ 10 ಡಿಗ್ರಿ ಆಸುಪಾಸು ಇರುತ್ತದೆ.

ನಿಂತಲ್ಲಿ ಒಂದನೇ ಗೇರ್ ಆರಾಮಾಗಿ ಬೀಳುತ್ತದೆ. ಹೊರಟ ಮೇಲೆ ಎರಡನೇದಕ್ಕೆ ಎಳೆದರೆ ಲಿವರ್ ಅರ್ಧಕ್ಕೇ ತಡೆದು ನಿಲ್ಲುತ್ತದೆ. ಜೋರು ಮಾಡಿದರೆ ಕರ್ರ್ ಅಂತ ಸದ್ದು. ಸ್ಪೀಡ್ ಬ್ರೇಕರ್ ಹತ್ತಿರ ಎರಡರಿಂದ ಒಂದಕ್ಕೆ ಇಳಿಸುವುದಂತೂ ಆಗುವುದೇ ಇಲ್ಲ, ಪೂರ್ತಿ ನಿಲ್ಲಿಸಬೇಕು. ಮೂರು, ನಾಲ್ಕು ಸ್ವಲ್ಪ ಬಿಗಿ, ಅಷ್ಟೇ. ನವಲೆ ಬ್ರಿಜ್ ದಾಟಿ ವಾರ್ಜೆಗೆ ಬರುವಷ್ಟರಲ್ಲಿ ಸಡಿಲಾಗುತ್ತದೆ. ಚಾಂದನಿ ಚೌಕ್ ಆದಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತದೆ. ಸಂಜೆ ಮನೆಗೆ ಬರುವಾಗ ತೊಂದರೆ ಇಲ್ಲ.

ಇಲ್ಲೇ ಹತ್ತಿರದ ಗ್ಯಾರೇಜಿನಲ್ಲಿ ತೋರಿಸಿದೆ. ಗಾಡಿ ಬಿಸಿ ಇದ್ದಾಗಲೇ ಓಡಿಸಿ ನೋಡಿದರು. "ಗೇರ್ ಬಾಕ್ಸ್ ಇಳಿಸಬೇಕು, ಕ್ಲಚ್ ಸೆಟ್, ಸಿಂಕ್ರೋ ರಿಂಗ್ ಎಲ್ಲಾ ಹಾಕಬೇಕು, 25,000 ದಾಟುತ್ತದೆ" ಅಂದರು. ಸಂಕ್ರಾಂತಿಗೆ ಅಮ್ಮನನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಬೇಕು. ದುಡ್ಡು ಹಾಕೋದು ಬೇಕಾದರೆ ಹಾಕೋಣ, ಆದರೆ ನಿಜವಾಗಲೂ ಕೆಟ್ಟಿದ್ದು ಯಾವುದು ಅಂತ ಗೊತ್ತಾಗಬೇಕು ಅಲ್ವಾ?

ವಾಕಡ್_ಹುಡುಗ

ಚಳಿಗೆ ಎಲ್ಲಾ ಗಾಡಿಯೂ ಹೀಗೇ ಅಕ್ಕಾ. ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡಿ, ಬಿಸಿಯಾದ ಮೇಲೆ ಹೊರಡಿ. ನಮ್ಮದರಲ್ಲೂ ಎರಡನೇ ಗೇರ್ ಸ್ವಲ್ಪ ಗಟ್ಟಿ ಇರುತ್ತದೆ.

ಭೋಸರಿ_ಕಾಕಾ

ತಂಗಿ, ಇನ್ನೂ ಏನನ್ನೂ ಬಿಚ್ಚಿಸಬೇಡಿ. ನಾನು ಗೋಕಾಕದವನು. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗೇರ್ ಬಾಕ್ಸ್ ಜೋಡಿಸುವ ಕೆಲಸದಲ್ಲೇ ಇದ್ದು ನಿವೃತ್ತನಾದವನು. ತಣ್ಣಗಿದ್ದಾಗ ಬರುವ ದೋಷವನ್ನು ತಣ್ಣಗಿದ್ದಾಗಲೇ ನೋಡಬೇಕು. ಬಿಸಿ ಗಾಡಿ ಓಡಿಸಿ ನೋಡಿದವರಿಗೆ ನೀವು ಹೇಳಿದ ತೊಂದರೆ ಕಂಡಿರಲು ಸಾಧ್ಯವೇ ಇಲ್ಲ.

ವಾಕಡ್ ತಮ್ಮ ಹೇಳಿದ ಹಾಗೆ ನಿಲ್ಲಿಸಿ ಸ್ಟಾರ್ಟ್ ಮಾಡಿಟ್ಟರೆ ಎಂಜಿನ್ ಬಿಸಿಯಾಗುತ್ತದೆ, ಗೇರ್ ಬಾಕ್ಸ್ ಆಗುವುದಿಲ್ಲ. ಅದರ ಎಣ್ಣೆ ಬೇರೆ, ಪೆಟ್ಟಿಗೆ ಬೇರೆ. ಲೋಡ್ ಮೇಲೆ ಗೇರ್ ತಿರುಗಿದಾಗಲೇ ಆ ಎಣ್ಣೆಗೆ ಸರಿಯಾಗಿ ಕಾವು ಏರುವುದು. ಐದು ನಿಮಿಷದ ಪೆಟ್ರೋಲ್ ಸುಮ್ನೆ ಹೋಗುತ್ತದೆ.

ನಾಳೆ ಬೆಳಿಗ್ಗೆ ಎಂಜಿನ್ ಶುರು ಮಾಡುವ ಮುಂಚೆಯೇ ಕ್ಲಚ್ ಒತ್ತಿ ಐದೂ ಗೇರ್, ರಿವರ್ಸ್ ಎಲ್ಲಾ ಹಾಕಿ ತೆಗೆದು ನೋಡಿ. ಒಂದು ಗೇರ್ ಹಲ್ಲಿಗೆ ಹಲ್ಲು ತಾಗಿ ನಿಂತರೆ ಗಾಡಿಯನ್ನು ಚೂರು ಅಲುಗಾಡಿಸಿ ಮತ್ತೆ ಹಾಕಿ, ಅದು ದೋಷವಲ್ಲ. ಆದರೆ ಲಿವರ್ ಎಲ್ಲಾ ಕಡೆಗೂ ಬಿಗಿ ಇದ್ದರೆ, ನ್ಯೂಟ್ರಲ್‌ನಲ್ಲಿ ಬಿಟ್ಟಾಗ ತಾನಾಗಿ ನಡುವಿಗೆ ಬರದಿದ್ದರೆ, ಲಿವರ್‌ನಿಂದ ಪೆಟ್ಟಿಗೆಗೆ ಹೋಗುವ ಕೇಬಲ್, ಬುಷ್, ಗ್ರೀಸ್ ಕಡೆ ನೋಡಬೇಕು. ಅಲ್ಲಿ ಗ್ರೀಸ್ ಒಣಗಿ ಗಟ್ಟಿಯಾದರೂ ಚಳಿಯಲ್ಲಿ ಹೀಗೇ ಆಗುತ್ತದೆ. ಅದಕ್ಕೆ ಗೇರ್ ಬಾಕ್ಸ್ ಇಳಿಸುವ ಅಗತ್ಯವಿಲ್ಲ.

ಆಮೇಲೆ ಎಂಜಿನ್ ಶುರು ಮಾಡಿ. ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್ ಮೇಲೆ. ಕ್ಲಚ್ ಪೂರ್ತಿ ಒತ್ತಿ ಐದು ಸೆಕೆಂಡ್ ಕಾಯಿರಿ, ಆಮೇಲೆ ನಿಧಾನಕ್ಕೆ ರಿವರ್ಸ್ ಹಾಕಿ. ಕ್ಲಚ್ ಸರಿಯಾಗಿ ಬಿಡುತ್ತಿದ್ದರೆ ಅಷ್ಟರಲ್ಲಿ ಒಳಗಿನ ಶಾಫ್ಟ್ ತಿರುಗುವುದು ನಿಂತಿರುತ್ತದೆ, ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ. ಕೆಲವು ಗಾಡಿಯಲ್ಲಿ ರಿವರ್ಸ್‌ಗೂ ಸಿಂಕ್ರೋ, ಅಂದರೆ ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ರಿಂಗ್, ಇರುವುದರಿಂದ ಇದೊಂದನ್ನೇ ನಂಬಬೇಡಿ. ಮುಂದೆ ಯಾರೂ ಇಲ್ಲದ ಜಾಗದಲ್ಲಿ ಒಂದನೇ ಗೇರ್ ಹಾಕಿ, ಕ್ಲಚ್ ಒತ್ತಿಯೇ ಇಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಸ್ವಲ್ಪ ರೇಸ್ ಕೊಡಿ. ಗಾಡಿ ಒಂಚೂರೂ ಮುಂದೆ ತೆವಳಬಾರದು.

ಇನ್ನೊಂದು. ಕ್ಲಚ್ ಪೆಡಲ್ ಬೇಗ ಬೇಗ ಎರಡು ಮೂರು ಸಲ ತುಳಿದು ಗೇರ್ ಹಾಕಿದರೆ ಸುಲಭ ಆಗುತ್ತದಾ ನೋಡಿ. ಹಾಗೆ ಸುಲಭ ಆದರೆ ಕ್ಲಚ್‌ನ ಎಣ್ಣೆ ಲೈನಿನಲ್ಲಿ ಗಾಳಿ ಸೇರಿರಬಹುದು, ಇಲ್ಲವೇ ಪೆಡಲ್ ಕಡೆಯ ಮಾಸ್ಟರ್ ಅಥವಾ ಗೇರ್ ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್‌ನ ಸೀಲ್ ಸೋತಿರಬಹುದು.

ಕೊನೆಯದಾಗಿ, ಗೇರ್ ಎಣ್ಣೆ ಯಾವಾಗ ಬದಲಿಸಿದ್ದು, ಯಾವ ಎಣ್ಣೆ ಹಾಕಿದ್ದು? ಬಿಲ್ ಹುಡುಕಿ ಇಡಿ. ಅಲ್ಲಿಯವರೆಗೆ ಸದ್ದು ಬರುವಷ್ಟು ಜೋರು ಮಾಡಿ ಎಳೆಯಬೇಡಿ, ದಯವಿಟ್ಟು. ಪ್ರತಿ ಕರ್ರ್‌ಗೂ ಒಳಗೆ ಹಲ್ಲಿನ ತುದಿ ಸವೆಯುತ್ತದೆ.

ಮಡಗಾಂವ್_ನಿವಾಸಿ

ಕಾಕಾ ಹೇಳಿದ ರಿವರ್ಸ್ ಪರೀಕ್ಷೆ ತುಂಬಾ ಮುಖ್ಯ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಇಂಥದ್ದು ಜಾಸ್ತಿ. ನಾವು ಊರಿಗೆ ಹೋದಾಗ ಗಾಡಿ ಮಳೆಯಲ್ಲೇ ನಿಂತಿತ್ತು. ಬಂದು ನೋಡಿದರೆ ಎಂಜಿನ್ ಬಂದ್ ಇದ್ದಾಗ ಗೇರ್ ಬೆಣ್ಣೆ, ಚಾಲೂ ಮಾಡಿದರೆ ನಿಂತಲ್ಲೇ ಯಾವ ಗೇರೂ ಬೀಳದು, ರಿವರ್ಸ್ ಕಿರುಚುತ್ತಿತ್ತು. ಕ್ಲಚ್ ಪ್ಲೇಟ್ ಕೂರುವ ಸ್ಪ್ಲೈನ್‌ಗೆ (ಶಾಫ್ಟ್ ಮೇಲಿನ ಉದ್ದುದ್ದ ಹಲ್ಲುಗಳಿಗೆ) ತುಕ್ಕು ಹಿಡಿದಿತ್ತು. ಪ್ಲೇಟ್ ಶಾಫ್ಟ್ ಮೇಲೆ ಸರಿಯಾಗಿ ಜಾರದೆ ಎಂಜಿನ್ ಕಡೆಯ ಫ್ಲೈವೀಲ್ ಚಕ್ರಕ್ಕೆ ಉಜ್ಜುತ್ತಲೇ ಇತ್ತು. ಸುಮಾ ಅವರದು ನಿಂತಾಗ ಒಂದನೇ ಗೇರ್ ಸಲೀಸಾಗಿ ಬೀಳುತ್ತದೆ ಅಂದರೆ ಅದಲ್ಲ ಅನಿಸುತ್ತದೆ.

ಕ್ಲಚ್‌ಗೂ ಬ್ರೇಕಿಗೂ ಒಂದೇ ಡಬ್ಬಿ ಇದ್ದರೆ ಅದರ ಎಣ್ಣೆಯ ಬಣ್ಣವನ್ನೂ ನೋಡಿ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಕಪ್ಪಾಗಿದ್ದರೆ ಹೇಗೂ ಬದಲಿಸಬೇಕು.

ಸುಮಾ_ಧಾಯರಿ

ಕಾಕಾ, ಹೇಳಿದ್ದೆಲ್ಲಾ ಮಾಡಿದೆ. ಎಂಜಿನ್ ಬಂದ್ ಇದ್ದಾಗ ಎಲ್ಲಾ ಗೇರ್ ಹಗುರ, ಲಿವರ್ ತಾನಾಗಿ ನಡುವಿಗೆ ಬರುತ್ತದೆ. ರಿವರ್ಸ್ ಸದ್ದಿಲ್ಲದೆ ಬಿತ್ತು. ಗಾಡಿ ತೆವಳಲಿಲ್ಲ. ಪೆಡಲ್ ಎಷ್ಟು ತುಳಿದರೂ ವ್ಯತ್ಯಾಸ ಇಲ್ಲ. ಡಬ್ಬಿಯ ಎಣ್ಣೆ ತಿಳಿಯಾಗಿದೆ. ಓಡುವಾಗ ಒಂದರಿಂದ ಎರಡು, ಎರಡರಿಂದ ಒಂದು, ಅಷ್ಟೇ ತೊಂದರೆ.

ಬಿಲ್ ಸಿಕ್ಕಿತು. ದೀಪಾವಳಿ ಮುಂಚೆ ಬೇರೊಂದು ಗ್ಯಾರೇಜಿನಲ್ಲಿ ಸರ್ವೀಸ್ ಮಾಡಿಸಿದ್ದು. ಅದರಲ್ಲಿ "ಗೇರ್ ಆಯಿಲ್ ಇಪಿ 90" ಅಂತ ಇದೆ. ಗಾಡಿಯ ಪುಸ್ತಕದಲ್ಲಿ 75ಡಬ್ಲ್ಯು-80, ಜಿಎಲ್-4 ಅಂತ ಬರೆದಿದೆ. ಇದರಿಂದಲೇ ಇಷ್ಟು ಆಗುತ್ತದಾ? ಎರಡೂ ಗೇರ್ ಎಣ್ಣೆಯೇ ಅಲ್ವಾ?

ಭೋಸರಿ_ಕಾಕಾ

ಆಗುತ್ತದೆ ತಂಗಿ. ನಿಮ್ಮ ಕ್ಲಚ್ ಚೆನ್ನಾಗಿದೆ, ಲಿವರ್ ಕೇಬಲ್ ಚೆನ್ನಾಗಿದೆ. ಕ್ಲಚ್ ಸೆಟ್‌ಗೆ ದುಡ್ಡು ಕೊಡುವ ಮಾತೇ ಇಲ್ಲ.

ಸಿಂಕ್ರೋ ರಿಂಗ್ ಹೆಚ್ಚಾಗಿ ಹಿತ್ತಾಳೆಯದು. ಒಳಮೈಯಲ್ಲಿ ಕೂದಲಿನಂಥ ಸಣ್ಣ ಗೀರುಗಳಿರುತ್ತವೆ. ನೀವು ಲಿವರ್ ಎಳೆದಾಗ ಆ ರಿಂಗ್ ಗೇರಿನ ಕೋನ್ (ಶಂಕುವಿನ ಆಕಾರದ ಭಾಗ) ಮೇಲೆ ಒತ್ತುತ್ತದೆ. ಗೀರುಗಳು ನಡುವಿನ ಎಣ್ಣೆಯನ್ನು ಒರೆಸಿ ಹಾಕಬೇಕು, ಲೋಹಕ್ಕೆ ಲೋಹ ತಾಗಿ ಹಿಡಿಯಬೇಕು, ಎರಡರ ವೇಗ ಒಂದಾಗಬೇಕು. ಅಲ್ಲಿಯವರೆಗೆ ರಿಂಗ್ ತನ್ನ ಹಲ್ಲುಗಳಿಂದ ದಾರಿ ಅಡ್ಡಗಟ್ಟಿ ನಿಂತಿರುತ್ತದೆ. ನಿಮ್ಮ ಕೈಗೆ ಸಿಗುವ ಆ ತಡೆ ಇದೇ. ಎಣ್ಣೆ ದಪ್ಪ ಇದ್ದರೆ ಬೇಗ ಜಾಗ ಬಿಡುವುದಿಲ್ಲ, ರಿಂಗ್ ಎಣ್ಣೆಯ ಮೇಲೆ ಜಾರುತ್ತದೆ.

ಎರಡನೇ ಗೇರಿಗೇ ಯಾಕೆ ಅಂದರೆ ಅದರ ಕೆಲಸ ದೊಡ್ಡದು. ಇಂಥ ಗಾಡಿಯಲ್ಲಿ ಒಂದನೇ ಗೇರಿನ ಅನುಪಾತ 3.5ರ ಆಸುಪಾಸು, ಎರಡನೇದು 1.9ರ ಆಸುಪಾಸು. ಅಂದರೆ ಒಂದರಿಂದ ಎರಡಕ್ಕೆ ಹೋಗುವಾಗ ಒಳಗಿನ ಶಾಫ್ಟ್ ಹತ್ತಿರ ಹತ್ತಿರ ಅರ್ಧ ವೇಗ ಕಳೆದುಕೊಳ್ಳಬೇಕು. ನಾಲ್ಕು, ಐದರ ನಡುವೆ ಅಷ್ಟು ಅಂತರ ಇರುವುದಿಲ್ಲ. ಎರಡರಿಂದ ಒಂದಕ್ಕೆ ಇಳಿಸುವುದು ಇನ್ನೂ ಕಷ್ಟ. ಆಗ ರಿಂಗ್ ಶಾಫ್ಟಿನ ವೇಗ ಹೆಚ್ಚಿಸಬೇಕು, ದಪ್ಪ ಎಣ್ಣೆ ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ನಿಂತಲ್ಲಿ ಒಂದನೇ ಗೇರ್ ಸಲೀಸಾಗಿ ಬೀಳುವುದಕ್ಕೂ ಇದೇ ಕಾರಣ. ಕ್ಲಚ್ ಒತ್ತಿದ ಕೂಡಲೇ ದಪ್ಪ ಎಣ್ಣೆಯೇ ಶಾಫ್ಟನ್ನು ನಿಲ್ಲಿಸಿಬಿಡುತ್ತದೆ.

ಈಗ ಎಣ್ಣೆ. 80, 90 ಅನ್ನುವುದು ಎಣ್ಣೆಯ ದಪ್ಪದ ಗ್ರೇಡ್, ಡಬ್ಲ್ಯು ಇದ್ದರೆ ಚಳಿಯ ಗ್ರೇಡ್. 100 ಡಿಗ್ರಿ ಬಿಸಿಯಲ್ಲಿ 80ರ ಎಣ್ಣೆ 11 ಸೆಂಟಿಸ್ಟೋಕ್‌ಗಿಂತ (ದಪ್ಪ ಅಳೆಯುವ ಮಾನ) ತೆಳು ಇರಬೇಕು, 90ರದ್ದು ಕನಿಷ್ಠ 13.5 ಇರಬೇಕು. ಬಿಸಿಯಲ್ಲಿ ಇಷ್ಟೇ ವ್ಯತ್ಯಾಸ, ಆದರೆ ತಣ್ಣಗಾದಷ್ಟೂ ಅದು ಬೆಳೆಯುತ್ತಾ ಹೋಗುತ್ತದೆ. 75ಡಬ್ಲ್ಯು ಅನ್ನುವ ಎಣ್ಣೆಯನ್ನು ಮೈನಸ್ 40 ಡಿಗ್ರಿಯಲ್ಲಿ ಪರೀಕ್ಷೆ ಮಾಡಿರುತ್ತಾರೆ, 80ಡಬ್ಲ್ಯು ಆದರೆ ಮೈನಸ್ 26ರಲ್ಲಿ. ಬರೀ 90 ಅಂತ ಇದ್ದರೆ ಚಳಿಯ ಪರೀಕ್ಷೆಯೇ ಆ ಗ್ರೇಡಿನಲ್ಲಿ ಇಲ್ಲ. ಪುಣೆಯಲ್ಲಿ ಅಂಥ ಚಳಿ ಬರುವುದಿಲ್ಲ ನಿಜ. ಆದರೆ 10 ಡಿಗ್ರಿಯಲ್ಲಿ ಯಾವ ಎಣ್ಣೆ ಹರಿಯುತ್ತದೆ, ಯಾವುದು ಅಂಟುತ್ತದೆ ಅನ್ನುವುದಕ್ಕೆ ಆ ಅಂಕಿಯೇ ಸುಳಿವು. ದೀಪಾವಳಿ ಮುಂಚೆ ಹಾಕಿದ್ದು ಡಿಸೆಂಬರ್‌ನಲ್ಲಿ ತೊಂದರೆ ಕೊಡುತ್ತಿದೆ, ಸರಿಯಾಗಿ ಹೊಂದುತ್ತದೆ.

ಇನ್ನೊಂದು ಚಿಂತೆ ಇದೆ. ಜಿಎಲ್ ಅನ್ನುವುದು ಗೇರ್ ಎಣ್ಣೆ ಯಾವ ಕೆಲಸಕ್ಕೆ ಅಂತ ಹೇಳುವ ದರ್ಜೆ. ಆ ಇಪಿ 90 ಜಿಎಲ್-5 ಆಗಿರಬಹುದು. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಅದು ಲಾರಿ, ಜೀಪುಗಳ ಹಿಂದಿನ ಆಕ್ಸಲ್‌ನ ಹೈಪಾಯ್ಡ್ ಗೇರಿಗೆ (ಹಲ್ಲುಗಳು ಜಾರುತ್ತಾ ಜೋರಾಗಿ ಉಜ್ಜುವ ಗೇರ್) ಒಳ್ಳೆಯದು. ಹಿತ್ತಾಳೆ ರಿಂಗಿಗೆ ಅದರಲ್ಲಿ ಕೆಲವು ಎಣ್ಣೆಗಳು ಆಗಿಬರುವುದಿಲ್ಲ. ಅದಕ್ಕೇ ತಡ ಮಾಡಬೇಡಿ ಅನ್ನುತ್ತೇನೆ.

ಪುಸ್ತಕದಲ್ಲಿ ಬರೆದ ಎಣ್ಣೆಯನ್ನೇ ಸೀಲ್ ಇರುವ ಡಬ್ಬಿಯಲ್ಲಿ ಕೊಳ್ಳಿ. ಪೇಟೆಯಲ್ಲಿ ಬೇಕಾದರೆ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ಗಾಡಿ ಓಡಿಸಿ ಬಿಸಿ ಇರುವಾಗಲೇ ಹಳೆಯದನ್ನು ಇಳಿಸಬೇಕು, ಆಗಲೇ ಪೂರ್ತಿ ಬರುತ್ತದೆ. ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಸಿ. ಅದು ಬರದೆ ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿಬಿಟ್ಟರೆ ಹೊಸ ಎಣ್ಣೆ ಹಾಕಲು ದಾರಿಯೇ ಇರುವುದಿಲ್ಲ. ಡ್ರೇನ್ ಬೋಲ್ಟಿನಲ್ಲಿ ಆಯಸ್ಕಾಂತ ಇದ್ದರೆ ಅದಕ್ಕೆ ಬೂದು ಬಣ್ಣದ ನುಣ್ಣನೆ ಮಸಿ ಅಂಟಿರುತ್ತದೆ, ಅದು ಸಹಜ. ಚೂರುಗಳಿದ್ದರೆ ಫೋಟೋ ಹಾಕಿ. ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ, ಚಿನ್ನದ ಪುಡಿಯ ಹಾಗೆ ಮಿನುಗಿದರೆ ಅದು ಸವೆದ ರಿಂಗಿನ ಹಿತ್ತಾಳೆ.

ಸುಮಾ_ಧಾಯರಿ

ಶನಿವಾರ ಮಾಡಿಸಿದೆ ಕಾಕಾ, ಪಕ್ಕದಲ್ಲೇ ನಿಂತಿದ್ದೆ. ಇಳಿಸಿದ ಎಣ್ಣೆ ಕಪ್ಪಾಗಿರಲಿಲ್ಲ, ಆದರೆ ಬಿಸಿಲಿಗೆ ಹಿಡಿದಾಗ ಸ್ವಲ್ಪ ಮಿನುಗು ಇತ್ತು. ಆಯಸ್ಕಾಂತದ ಮೇಲೆ ಬರೀ ಮಸಿ, ಚೂರು ಇಲ್ಲ. ಭಾನುವಾರ ಬೆಳಿಗ್ಗೆ ಅದೇ ಆರು ಗಂಟೆಯ ಚಳಿಯಲ್ಲಿ ಎರಡನೇ ಗೇರ್ ಒಂದೇ ಸಲಕ್ಕೆ ಬಿತ್ತು! ಮೂರು, ನಾಲ್ಕು ಈಗ ಹಗುರ. ಎರಡರಿಂದ ಒಂದಕ್ಕೆ ಮಾತ್ರ ಮೊದಲ ಎರಡು ಮೂರು ಕಿಲೋಮೀಟರ್ ಇನ್ನೂ ಸ್ವಲ್ಪ ತಡೆಯುತ್ತದೆ. ಧಾರವಾಡಕ್ಕೆ ಧೈರ್ಯವಾಗಿ ಹೋಗಬಹುದಾ?

ಭೋಸರಿ_ಕಾಕಾ

ಹೋಗಿ ಬನ್ನಿ. ದಾರಿಯಲ್ಲಿ ಸಿಗುವ ಖಂಬಾಟಕಿ ಘಾಟ್ ತಲುಪುವಷ್ಟರಲ್ಲಿ ಗೇರ್ ಬಾಕ್ಸ್ ಚೆನ್ನಾಗಿ ಬಿಸಿಯಾಗಿರುತ್ತದೆ, ಅಲ್ಲಿ ತೊಂದರೆ ಆಗದು.

ಒಂದನೇ ಗೇರಿನ ರಿಂಗ್ ಸ್ವಲ್ಪ ಸವೆದಿದೆ ಅಂತ ಕಾಣುತ್ತದೆ. ತಣ್ಣಗಿದ್ದಾಗ ಅದಕ್ಕೆ ಇಳಿಸಲೇಬೇಕಾದರೆ ಡಬಲ್ ಕ್ಲಚ್ ಮಾಡಿ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಸ್ವಲ್ಪ ರೇಸ್ ಕೊಡಿ, ಮತ್ತೆ ಕ್ಲಚ್ ಒತ್ತಿ ಒಂದಕ್ಕೆ ಹಾಕಿ. ರಿಂಗ್ ಮಾಡಬೇಕಾದ ಕೆಲಸವನ್ನು ಎಂಜಿನ್ನೇ ಮಾಡಿಕೊಡುತ್ತದೆ. 1928ರಲ್ಲಿ ಕ್ಯಾಡಿಲಾಕ್ ಸಿಂಕ್ರೋಮೆಶ್ ತರುವ ಮುಂಚೆ ಕಾರುಗಳನ್ನು ಹೀಗೇ ಓಡಿಸುತ್ತಿದ್ದರು, ನಮ್ಮ ಹಳೆಯ ಲಾರಿ ಡ್ರೈವರ್‌ಗಳಿಗೆ ಇದು ಕಾಲಿಗೇ ಬಂದಿರುತ್ತಿತ್ತು. ಖಾಲಿ ಮೈದಾನದಲ್ಲಿ ಒಂದು ಸಂಜೆ ಅಭ್ಯಾಸ ಮಾಡಿಕೊಳ್ಳಿ.

ಮುಂದಿನ ಚಳಿಗಾಲದ ಮುಂಚೆ ಫಿಲ್ಲರ್ ಬೋಲ್ಟ್ ಬಿಚ್ಚಿಸಿ ಎಣ್ಣೆಯಲ್ಲಿ ಮಿನುಗು ಜಾಸ್ತಿ ಆಗಿದೆಯಾ ನೋಡಿಸಿ. ಆಗಿದ್ದರೆ, ಜೊತೆಗೆ ಗಾಡಿ ಬಿಸಿ ಇದ್ದಾಗಲೂ ಒಂದನೇ ಗೇರ್ ತಡೆಯಲು ಶುರು ಮಾಡಿದರೆ, ಆಗ ಪೆಟ್ಟಿಗೆ ಇಳಿಸೋಣ. ಇಳಿಸಿದ ದಿನ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಕೂಡ ನೋಡಿಸಿ, ಇಳಿಸುವ ಮಜೂರಿ ಎರಡಕ್ಕೂ ಸೇರಿ ಒಂದೇ. ಇಂಥ ಕೆಲಸ ಚೊಕ್ಕವಾಗಿ ಮಾಡುವ ಹುಡುಗರು ಭೋಸರಿಯಲ್ಲಿ ಇದ್ದಾರೆ, ಬೇಕಾದಾಗ ಕೇಳಿ, ನಾನೇ ಜೊತೆಗೆ ಬರುತ್ತೇನೆ.