ಲಿಂಡ್‌ಬ್ಲಾಡ್ ಸಾಕಾ? ಸಮುದ್ರವಾ, ಹಂಡೆಯಾ?

ಕೋಡಿಬಾಗದ ಹುಡುಗಿ:
ಎಂಎಸ್ಸಿ ಪ್ರಾಜೆಕ್ಟಿಗೆ ಹಸಿರು ಗಂಧಕ ಬ್ಯಾಕ್ಟೀರಿಯಾದ ಎಫ್‌ಎಂಒ ಪ್ರೋಟೀನ್ (ಹೀರಿದ ಬೆಳಕಿನ ಶಕ್ತಿಯನ್ನು ಮುಂದಕ್ಕೆ ದಾಟಿಸುವುದು) ಹಿಡಿದಿದ್ದೇನೆ. ಬೆಳಕಿನ ಶಕ್ತಿ ಅದರ 7 ಬ್ಯಾಕ್ಟೀರಿಯೊಕ್ಲೋರೊಫಿಲ್ ಅಣುಗಳಲ್ಲಿ ಹೇಗೆ ಹರಿಯುತ್ತದೆ ಎಂದು ಸಿಮ್ಯುಲೇಟ್ ಮಾಡಬೇಕು. ಸುತ್ತಲಿನ ತಾಪ 300 ಕೆಲ್ವಿನ್, ಅಂದರೆ ಕೋಣೆಯ ತಾಪ. ಪರಿಸರದ ಪ್ರಭಾವವನ್ನು ಸರಳವಾಗಿ ಸೇರಿಸುವ ಲಿಂಡ್‌ಬ್ಲಾಡ್ ಸಮೀಕರಣ ಹಾಕಿದೆ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯಿತು. ಗೈಡ್ ಮಾತ್ರ "ಹಯರಾರ್ಕಿ ವಿಧಾನ ಹಾಕು" ಅನ್ನುತ್ತಾರೆ. ಪರಿಸರದ ನಡೆಯನ್ನೂ ಹಂತ ಹಂತದ ಮ್ಯಾಟ್ರಿಕ್ಸ್‌ಗಳಲ್ಲಿ ಲೆಕ್ಕ ಹಿಡಿಯುವ ದೊಡ್ಡ ವಿಧಾನ ಅದು. ಯಾಕೆ ಬೇಕು? ಸುತ್ತಲಿನ ಪರಿಸರ ನಮ್ಮ ಕಾರವಾರದ ಸಮುದ್ರ ಇದ್ದ ಹಾಗೆ. ಒಂದು ಚೊಂಬು ಬಿಸಿನೀರು ಸುರಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಶಿರಸಿ ಮಾಣಿ:
"ಗೊತ್ತೇ ಆಗುವುದಿಲ್ಲ" ಅಂದಿರಲ್ಲ, ಅಲ್ಲೇ ತಪ್ಪು. ಪ್ರೋಟೀನ್ ಸಮುದ್ರ ಅಲ್ಲ, ಬಚ್ಚಲ ಹಂಡೆ. ನಾಲ್ಕು ಚೊಂಬು ತಣ್ಣೀರು ಸುರಿದರೆ ಹಂಡೆ ಮತ್ತೆ ಕಾಯಲು ಹೊತ್ತು ಬೇಕು. ಆ ಹೊತ್ತೇ ಪರಿಸರದ ನೆನಪು. ವಿಜ್ಞಾನಿಗಳಾದ ಇಶಿಝಾಕಿ, ಫ್ಲೆಮಿಂಗ್ 2009ರಲ್ಲಿ ಅದನ್ನು 50 ಫೆಮ್ಟೋಸೆಕೆಂಡ್ (ಒಂದು ಅಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು) ಎಂದು ಹಿಡಿದು ಹಯರಾರ್ಕಿಯಲ್ಲೇ ಲೆಕ್ಕ ಮಾಡಿದರು. ಲಿಂಡ್‌ಬ್ಲಾಡ್ ನೆನಪೇ ಇಲ್ಲ ಎಂದು ಹೊರಡುತ್ತದೆ.

ಕುಮಟಾ ಮೇಷ್ಟ್ರು:
ಇನ್ನೂ "7 ಅಣು" ಅಂತ ಬರೆಯುತ್ತೀರಲ್ಲ! 8ನೆಯದು ಸಿಕ್ಕಿ ಎಷ್ಟು ವರ್ಷ ಆಯಿತು? ಮತ್ತೆ ಲಿಂಡ್‌ಬ್ಲಾಡ್ ಒಬ್ಬರ ಹೆಸರೇ ಯಾಕೆ? ಅದೇ 1976ರಲ್ಲಿ ಗೊರಿನಿ, ಕೊಸಕೊವ್‌ಸ್ಕಿ ಜೊತೆ ನಮ್ಮ ಕೇರಳದ ಭೌತವಿಜ್ಞಾನಿ ಸುದರ್ಶನ್ ಕೂಡ ಆ ಸಮೀಕರಣ ಕೊಟ್ಟಿದ್ದಾರೆ.

ಕೋಡಿಬಾಗದ ಹುಡುಗಿ:
ಅಣ್ಣ, ಹಂಡೆಯ ಕೆಳಗೆ ಒಲೆ ಇದೆ. ಪ್ರೋಟೀನಿನ ಕೆಳಗೆ ಸೌದೆ ಹಾಕುವವರು ಯಾರು? ಒಲೆ ಉರಿಯುತ್ತಿದ್ದರೆ ಅದು ಸಮತೋಲದ ಪರಿಸರವೇ ಅಲ್ಲ. ಹೋಲಿಕೆ ಅಲ್ಲೇ ಬಿತ್ತು.

ಶಿರಸಿ ಮಾಣಿ:
ಒಲೆ ಆರಿಸಿ, ಕೆಂಡ ಮಾತ್ರ ಇರಲಿ. ನಿಮ್ಮ ಸಮುದ್ರಕ್ಕಾದರೂ ನೆನಪಿಲ್ವಾ? ಭರತ ಬಂದಾಗ ಸದಾಶಿವಗಡದ ಹತ್ತಿರ ನಿಂತು ನೋಡಿ. ಕಾಳಿ ನದಿ ಕೊಟ್ಟ ನೀರು ಉಪ್ಪಾಗಿ ವಾಪಸ್ ಮೇಲೆ ಬರುತ್ತದೆ.

ಕೋಡಿಬಾಗದ ಹುಡುಗಿ:
ಹುಟ್ಟಿದಾಗಿಂದ ಆ ನೀರು ನೋಡುತ್ತಿದ್ದೇನೆ, ನನಗೆ ಹೇಳಿಕೊಡಬೇಡಿ! ಭರತ ಬರುವುದು ಚಂದ್ರನಿಂದ. ಕಾಳಿ ಎಷ್ಟು ನೀರು ಕೊಟ್ಟಿತು ಎಂದು ಲೆಕ್ಕ ಇಟ್ಟುಕೊಂಡು ಸಮುದ್ರ ಹಿಂದಿರುಗಿಸುವುದಿಲ್ಲ. ಅದು ನೆನಪಲ್ಲ, ಹೊರಗಿನ ತಳ್ಳು.

ಕುಮಟಾ ಮೇಷ್ಟ್ರು:
ಚಂದ್ರ ಮಾತ್ರ ಅಲ್ಲ ಮಾರಾಯ್ತಿ, ಸೂರ್ಯನದ್ದೂ ಪಾಲಿದೆ.

ಶಿರಸಿ ಮಾಣಿ:
ಮೇಷ್ಟ್ರೇ, ದಯವಿಟ್ಟು. 2007ರಲ್ಲಿ ಫ್ಲೆಮಿಂಗ್ ತಂಡ ಇದೇ ಪ್ರೋಟೀನಿನಲ್ಲಿ 600 ಫೆಮ್ಟೋಸೆಕೆಂಡ್ ದಾಟಿಯೂ ಕ್ವಾಂಟಮ್ ಅಲೆ (ಅಣುಗಳು ತಾಳ ತಪ್ಪದೆ ಒಟ್ಟಿಗೆ ತೂಗುವುದು) ಕಂಡಿತ್ತು. ಒರಟು ಲೆಕ್ಕದಲ್ಲಿ ಅದು ಸಿಗುತ್ತಾ?

ಕೋಡಿಬಾಗದ ಹುಡುಗಿ:
ಅದು 77 ಕೆಲ್ವಿನ್‌ನಲ್ಲಿ. ಅದನ್ನು ಯಾಕೆ ಬಿಟ್ಟಿರಿ? 2017ರ ಪ್ರಯೋಗದಲ್ಲಿ ಕೋಣೆಯ ತಾಪಕ್ಕೆ ಎಲೆಕ್ಟ್ರಾನಿಕ್ ಅಲೆ ಸುಮಾರು 60 ಫೆಮ್ಟೋಸೆಕೆಂಡಿನಲ್ಲೇ ಅಳಿಸಿಹೋಯಿತು. ನನ್ನದು 300 ಕೆಲ್ವಿನ್!

ಹೊನ್ನಾವರದ ಕೋಡರ್:
ಹಯರಾರ್ಕಿ ಅಂದರೆ ಇಷ್ಟು ಹೆದರಿಕೆ ಯಾಕೆ? 300 ಕೆಲ್ವಿನ್‌ಗೆ ಪ್ರತಿ ಅಣುವಿಗೆ ಸಮೀಕರಣದಲ್ಲಿ ನೆನಪಿನ ಒಂದು ಪದ (ಟರ್ಮ್), ಆಳ 4 ಹಂತ ಸಾಕು ಅಂದುಕೊಳ್ಳಿ. 330 ಮ್ಯಾಟ್ರಿಕ್ಸ್, ಒಂದೊಂದೂ 7ಕ್ಕೆ 7. ಲ್ಯಾಪ್‌ಟಾಪಿಗೆ ಅದು ಏನೂ ಅಲ್ಲ. ತಾಪ ಇಳಿದರೆ ಪದ ಜಾಸ್ತಿ ಬೇಕು. ಎರಡೆರಡು ಆದರೆ 3060. ಒಂದು ಕೇಳುತ್ತೇನೆ. ನಿಮ್ಮ ಗ್ರಾಫಿನ ಬಲತುದಿಯಲ್ಲಿ ಒಂದೊಂದು ಅಣುವಿನ ಪಾಲು ತೋರಿಸುವ ಏಳೂ ಗೆರೆ 0.14ಕ್ಕೆ ಬಂದು ಕೂಡಿವೆಯಾ?

ಕೋಡಿಬಾಗದ ಹುಡುಗಿ:
ಹೌದು. ಯಾಕೆ?

ಹೊನ್ನಾವರದ ಕೋಡರ್:
ಹಾಗಾದರೆ ನೀವು ಹಾಕಿದ್ದು ಬರೀ ಡಿಫೇಸಿಂಗ್, ಅಂದರೆ ಅಲೆಯ ತಾಳ ಕೆಡಿಸುವುದಷ್ಟೇ. ಅದಕ್ಕೆ 300 ಕೆಲ್ವಿನ್ ಅಂತ ಗೊತ್ತೇ ಇಲ್ಲ, ತಾಪ ಅನಂತ ಅಂದುಕೊಂಡು ಎಲ್ಲರಿಗೂ ಏಳರಲ್ಲೊಂದು ಹಂಚಿದೆ. ನಿಜವಾಗಿ ಕಡಿಮೆ ಶಕ್ತಿಯ ಅಣುವಿನಲ್ಲಿ ಜಾಸ್ತಿ ನಿಲ್ಲಬೇಕು.

ಶಿರಸಿ ಮಾಣಿ:
ನಾನು ಹೇಳಿದ್ದೂ ಇದನ್ನೇ.

ಕೋಡಿಬಾಗದ ಹುಡುಗಿ:
ನೀವು ಹೇಳಿದ್ದು ನೆನಪು, ಇವರು ಹೇಳಿದ್ದು ತಾಪ. ಎರಡೂ ಬೇರೆ! ಮೇಲೆ ಹೋಗುವ ದರ, ಕೆಳಗೆ ಇಳಿಯುವ ದರ ಸರಿಯಾಗಿ ಕೊಟ್ಟರೆ ಲಿಂಡ್‌ಬ್ಲಾಡ್‌ನಲ್ಲೂ ತಾಪ ಬರುತ್ತದೆ. ಇವತ್ತು ರಾತ್ರಿ ಹಾಗೆ ಓಡಿಸುತ್ತೇನೆ, ಪಕ್ಕದಲ್ಲಿ ಆ 330 ಮ್ಯಾಟ್ರಿಕ್ಸೂ ಇರಲಿ. ಹಂಡೆಯನ್ನು ಮಾತ್ರ ಒಪ್ಪುವುದಿಲ್ಲ.