ಹಳೆಯ ಕ್ರಿಸ್ಟಲ್ ಶಾಂಡ್ಲಿಯರ್ ರಿಪೇರಿ: ಸಹಾಯ ಬೇಕು

ನಮಸ್ಕಾರ. ಅಜ್ಜನ ಕಾಲದ ಕ್ರಿಸ್ಟಲ್ ಶಾಂಡ್ಲಿಯರ್ (ಗಾಜಿನ ಹರಳುಗಳ ತೂಗುದೀಪ) ಒಂದನ್ನು ಬಿಚ್ಚಿ ಸರಿಮಾಡುತ್ತಿದ್ದೇನೆ. ಮೇನ್ ಆಫ್ ಮಾಡಿ ಕೆಳಗಿಳಿಸಿ, ಪ್ರತಿ ಸಾಲಿನ ಫೋಟೋ ತೆಗೆದು, ಹರಳುಗಳಿಗೆ ಚೀಟಿ ಕಟ್ಟಿಟ್ಟಿದ್ದೇನೆ. ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದ ಹರಳುಗಳು ಚೆನ್ನಾಗಿ ಹೊಳೆಯುತ್ತಿವೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಮುಟ್ಟಿಲ್ಲ, ಅದು ಹಿತ್ತಾಳೆಗೆ ಕೆಟ್ಟದ್ದು ಅಲ್ವಾ.

ತೊಡಕಿರುವುದು ಹರಳು ಜೋಡಿಸುವ ಪಿನ್‌ಗಳಲ್ಲಿ. ಹಿಂದೆ ಯಾರೋ ಕಬ್ಬಿಣದ ತಂತಿ ಹಾಕಿದ್ದಾರೆ. ತುಕ್ಕು ಹಿಡಿದು ತೂತಿನೊಳಗೆ ಅಂಟಿಕೊಂಡಿದೆ. ಎಳೆದರೆ ತೂತಿನ ಅಂಚು ಚಕ್ಕೆ ಏಳುತ್ತದೆ ಅನ್ನೋ ಭಯ. ಗಾಜಿಗೆ ಪೆಟ್ಟಾಗದಂತೆ ಇದನ್ನು ಹೇಗೆ ತೆಗೆಯುತ್ತೀರಿ? ಹೊಸದಾಗಿ ಹಿತ್ತಾಳೆ ಪಿನ್ ಹಾಕಬೇಕೆಂದಿದ್ದೇನೆ. ಅದನ್ನು ಬಗ್ಗಿಸಲು ಸಾದಾ ರೌಂಡ್ ನೋಸ್ ಪ್ಲೈಯರ್ ಸಾಕಾ, ಇಲ್ಲಾ ಶಾಂಡ್ಲಿಯರ್‌ಗೆಂದೇ ಬರುವ ಪಿನ್ನಿಂಗ್ ಪ್ಲೈಯರ್ ಬೇಕೇ ಬೇಕಾ? ತಂತಿ ಎಷ್ಟು ದಪ್ಪ ಇರಬೇಕು? ದೊಡ್ಡ ಹರಳು ಕಳಚಿ ಬಿದ್ದರೆ ಕೆಳಗಿದ್ದವರಿಗೆ ಅಪಾಯ, ಹಾಗಾಗಿ ಸುಮ್ನೆ ಅಂದಾಜಿನ ಮೇಲೆ ಮಾಡಲು ಮನಸ್ಸಿಲ್ಲ.

ಬಲ್ಬ್ ಹೊರುವ ಒಂದು ಗಾಜಿನ ತೋಳು ಬಿರುಕು ಬಿಟ್ಟಿದೆ. ಎಪಾಕ್ಸಿ ಅಂಟು ವರ್ಷಗಳು ಕಳೆದಂತೆ ಹಳದಿಯಾಗುತ್ತದೆ. ಯುವಿ (ಅತಿನೇರಳೆ) ಬೆಳಕಿಗೆ ಗಟ್ಟಿಯಾಗುವ ಅಂಟು ಬಳಸಿದವರು ಇದ್ದೀರಾ? ಬಲ್ಬಿನ ಬಿಸಿ, ತೋಳಿನ ಭಾರ ಎರಡನ್ನೂ ಅದು ತಡೆದುಕೊಳ್ಳುತ್ತದೆಯೇ? ಒಳಗಿನ ವೈರ್ ಎಲೆಕ್ಟ್ರಿಷಿಯನ್ ಬದಲಿಸುತ್ತಾರೆ. ಈ ಕೆಲಸ ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ, ಬಳಸಿದ ಉಪಕರಣದ ಫೋಟೋ ಇದ್ದರೆ ಹಾಕಿ.